ಫ್ರಾಂಕೆನ್‌ಸ್ಟೈನ್ ಬರೆದದ್ದು ಅಮ್ಮ ಅಲ್ಲ, ಮಗಳು

ಬೆಂಗಳೂರಿನ ನಮ್ಮ ಓದುಗರ ವಾಟ್ಸಾಪ್ ಗುಂಪಿನಲ್ಲಿ ಇಂಗ್ಲೆಂಡಿನ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಅವರ ಪರಿಚಯವೊಂದು ಓಡಾಡುತ್ತಿದೆ. ಹೆಣ್ಣುಮಕ್ಕಳ ಹಕ್ಕಿನ ಬಗ್ಗೆ 1792ರಲ್ಲೇ ಪುಸ್ತಕ ಬರೆದವರು, ಅದು ಸರಿ. ಆದರೆ ‘ಫ್ರಾಂಕೆನ್‌ಸ್ಟೈನ್’ ಕೂಡ ಅವರದೇ ಎಂದಿದೆ. ಅಲ್ಲ. ಆ ಕಾದಂಬರಿ ಮಗಳು ಮೇರಿ ಶೆಲ್ಲಿಯದು, ಬಂದದ್ದು 1818ರಲ್ಲಿ. ಅಮ್ಮ ತೀರಿಕೊಂಡದ್ದು 1797ರ ಸೆಪ್ಟೆಂಬರ್ 10ರಂದು, ಈ ಮಗಳು ಹುಟ್ಟಿದ 11 ದಿನಕ್ಕೆ! ಇಬ್ಬರ ಹೆಸರೂ ಮೇರಿ, ಗೊಂದಲ ಆಗುತ್ತೆ ಬಿಡಿ.

ಕೊನೆಯಲ್ಲಿ ‘ಸ್ವಂತ ಬರಹ’ ಅಂತ ಬೇರೆ ಇದೆ. ಹಳೆಯ ಲೇಖನವೊಂದರ ಪಕ್ಕ ಇಟ್ಟು ನೋಡಿದೆ. ಮೊದಲೆರಡು ಪ್ಯಾರಾ ಅಕ್ಷರಶಃ ಅದೇ, ಅಚ್ಚಿನ ತಪ್ಪುಗಳ ಸಮೇತ. ಫ್ರಾಂಕೆನ್‌ಸ್ಟೈನ್ ಸಾಲೊಂದೇ ಸ್ವಂತದ್ದು! ಹಂಚುವವರು ಆ ಸಾಲು ತೆಗೆದು, ಮೂಲ ಲೇಖಕರ ಹೆಸರು ಹಾಕಿ.