ಕುರಿಯ ತಲೆ ಎತ್ತಿ ನೀರು ಸುರಿಯಬೇಡಿ

“ಕಾಯಿಲೆ ಬಿದ್ದ ಕುರಿಯ ತಲೆಯನ್ನು ಮೇಲಕ್ಕೆತ್ತಿ ಹಿಡಿದು ಬಾಟಲಿಯಿಂದ ನೀರು ಸುರಿದರೆ ಬೇಗ ಚೇತರಿಸಿಕೊಳ್ಳುತ್ತದೆ” ಎಂಬ ಸಂದೇಶ ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡುತ್ತಿದೆ. ಇದು ತಪ್ಪು.

ತಲೆ ಮೇಲಾದಾಗ ಕುರಿಗೆ ನುಂಗುವುದು ಕಷ್ಟ. ನೀರು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಬದುಕಬಹುದಾಗಿದ್ದ ಪ್ರಾಣಿ ನಮ್ಮ ಆರೈಕೆಯಿಂದಲೇ ಸಾಯುವುದು ನಿಜಕ್ಕೂ ಸಂಕಟದ ಸಂಗತಿ.

ಮೊದಲು, ಅಡ್ಡ ಬಿದ್ದ ಕುರಿಯನ್ನು ಎದೆಯ ಮೇಲೆ ಕೂರಿಸಿ, ಎರಡೂ ಬದಿಗೆ ಹುಲ್ಲಿನ ಕಟ್ಟನ್ನು ಆಸರೆಯಾಗಿ ಇಡಿ. ಹಾಗೆಯೇ ಬಿದ್ದಿದ್ದರೆ ಹೊಟ್ಟೆಯ ಗಾಳಿ ತೇಗಾಗಿ ಹೊರಬರಲಾರದೆ ಉಬ್ಬರವಾಗುತ್ತದೆ. ತಲೆ ಸಹಜ ಮಟ್ಟದಲ್ಲೇ ಇರಲಿ, ಮೂಗು ಕಣ್ಣಿಗಿಂತ ಮೇಲೇರಬಾರದು. ತುಟಿಯ ಮೂಲೆಯಲ್ಲಿ, ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಖಾಲಿ ಜಾಗವಿದೆ. ನೀರು ತುಂಬಿದ, ಸೂಜಿ ಇಲ್ಲದ ಸಿರಿಂಜ್‌ನ ತುದಿಯನ್ನು ಅಲ್ಲಿಡಿ. ಸ್ವಲ್ಪವೇ ಬಿಟ್ಟು, ಗಂಟಲು ಆಡುವುದನ್ನು ಕಣ್ಣಾರೆ ನೋಡಿ. ನುಂಗಿದ ಮೇಲೆ ಇನ್ನಷ್ಟು. ಕೆಮ್ಮಿದರೆ ತಕ್ಷಣ ನಿಲ್ಲಿಸಿ ತಲೆ ಬಿಡಿ.

ನುಂಗಲೇ ಆಗದ ಕುರಿಗೆ ಬಾಯಿಯಿಂದ ಏನೂ ಬೇಡ, ಪಶುವೈದ್ಯರನ್ನು ಕರೆಸಿ. ಅಷ್ಟರಲ್ಲಿ ಜ್ವರ ನೋಡಿಡಿ: ಕುರಿಯ ಸಹಜ ತಾಪಮಾನವೇ ಸುಮಾರು 39 ಡಿಗ್ರಿ ಸೆಲ್ಸಿಯಸ್, ಮನುಷ್ಯರ ಲೆಕ್ಕ ಇಲ್ಲಿ ನಡೆಯದು.