ನಮ್ಮ ನೇವಿ ಕಾಕಾ, ಬ್ಯಾನರಿನಲ್ಲಿ ಬರದೇ ಇದ್ದದ್ದು

ನಾನು ಮುಂಬೈ ಹತ್ತಿರದ ಡೊಂಬಿವಲಿಗೆ ಬಂದು 22 ವರ್ಷವಾಯಿತು. ಇಲ್ಲಿ ಯಾರಾದರೂ ತೀರಿಕೊಂಡರೆ ಪತ್ರಿಕೆಯಲ್ಲಿ ನಾಲ್ಕು ಸಾಲು ಬರುತ್ತದೆ: ಪ್ರಾರ್ಥನಾ ಸಭೆ, ಸಂಜೆ 5ರಿಂದ 6. ಎಷ್ಟೋ ಗುಜರಾತಿ ಮನೆಯವರು ‘ಲೌಕಿಕ ವ್ಯವಹಾರ ಬಂದ್’ ಅಂತಲೂ ಹಾಕಿಸುತ್ತಾರೆ, ಮನೆಗೆ ಬರುವುದು ಬೇಡ ಅಂತ. ಮೊದಮೊದಲು ಅದನ್ನು ಓದಿದರೆ ಕಸಿವಿಸಿಯಾಗುತ್ತಿತ್ತು. ಸತ್ತವರ ಮನೆಗೆ ಹೋಗದೆ ಇರುವುದು ಹೇಗೆ?

ಕಳೆದ ತಿಂಗಳು ಕೊಪ್ಪಳದಲ್ಲಿ ನಮ್ಮ ನೇವಿ ಕಾಕಾ ತೀರಿಕೊಂಡರು. ಅಪ್ಪನ ಗೆಳೆಯ, ಎದುರು ಮನೆಯವರು, ನೌಕಾಪಡೆಯಲ್ಲಿದ್ದು ಆಮೇಲೆ ಬ್ಯಾಂಕ್ ಸೇರಿದವರು. ನಾನು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಒಲೆ ಹಚ್ಚದ ಆ ಮನೆಗೆ ಓಣಿಯವರೇ ರೊಟ್ಟಿ, ಪಲ್ಯ, ಅನ್ನ, ಸಾರಿನ ಬುತ್ತಿ ತಂದಿದ್ದರು. ಕಾಕು ಒಲ್ಲೆ ಅಂದರೂ ಬಿಡದೆ ಪಕ್ಕದಲ್ಲಿ ಕೂತು ತುತ್ತು ತಿನ್ನಿಸುತ್ತಿದ್ದರು. ಇದನ್ನು ಯಾವ ಸಭಾಗೃಹವೂ ಕೊಡಲಾರದು.

ಆದರೆ ಸರ್ಕಲ್ಲಿನಲ್ಲಿ ಕಟ್ಟಿದ ಬ್ಯಾನರ್ ನೋಡಿ ಹೊಟ್ಟೆ ಉರಿಯಿತು. ಕಾಕಾನ ಫೋಟೋ, ಜನನ, ಮರಣ, ‘ಭಾವಪೂರ್ಣ ಶ್ರದ್ಧಾಂಜಲಿ’. ಕೆಳಗೆ ಬ್ಯಾನರ್ ಹಾಕಿಸಿದ ಹನ್ನೆರಡು ಜನರ ಫೋಟೋ. ನೌಕಾಪಡೆಯ ಮಾತಿಲ್ಲ, ಬ್ಯಾಂಕಿನ ಮಾತಿಲ್ಲ.

ಸಮುದ್ರವನ್ನೇ ನೋಡದ ಊರು ನಮ್ಮದು. ಮುನಿರಾಬಾದಿನ ಡ್ಯಾಮಿನ ಹಿನ್ನೀರೇ ದೊಡ್ಡ ನೀರು. ಅಲ್ಲಿಂದ ಹೋದ ಹುಡುಗ 21ನೇ ವಯಸ್ಸಿಗೆ ವಿಮಾನವಾಹಕ ವಿಕ್ರಾಂತ್ ಹಡಗಿನ ಬಾಯ್ಲರ್ ರೂಮಿನಲ್ಲಿದ್ದ. 1971ರ ಯುದ್ಧದಲ್ಲಿ ಆ ಹಡಗಿನ ನಾಲ್ಕು ಬಾಯ್ಲರ್‌ಗಳಲ್ಲಿ ಒಂದು ಬಿರುಕು ಬಿಟ್ಟಿತ್ತು. ವೇಗ ತಗ್ಗಿದರೆ ಡೆಕ್ಕಿನಿಂದ ವಿಮಾನ ಏರುವುದು ಕಷ್ಟ. ಉಳಿದ ಮೂರರ ಹಬೆಯಲ್ಲೇ ವಿಕ್ರಾಂತ್ ಬಂಗಾಳ ಕೊಲ್ಲಿಯಲ್ಲಿ ನಿಂತಿತು. ಡಿಸೆಂಬರ್ 4ರಂದು ಅದರ ಸೀಹಾಕ್ ವಿಮಾನಗಳು ಅಂದಿನ ಪೂರ್ವ ಪಾಕಿಸ್ತಾನದ ಕಾಕ್ಸ್ ಬಜಾರ್, ಚಿತ್ತಗಾಂಗ್ ಮೇಲೆ ಎರಗಿದವು. ಇದನ್ನೆಲ್ಲ ಕಾಕಾ ನಾವು ಕೇಳಿದರೆ ಮಾತ್ರ ಹೇಳುತ್ತಿದ್ದರು. ಆದರೆ ಮುಪ್ಪಿನಲ್ಲೂ ಕುಕ್ಕರ್ ಸೀಟಿ ಹೊಡೆಯುವ ಮೊದಲೇ, ಪಡಸಾಲೆಯಿಂದಲೇ ಸದ್ದು ಗುರುತಿಸಿ, ‘ಗ್ಯಾಸ್ ಸಣ್ಣ ಮಾಡ್ರಿ’ ಅನ್ನುತ್ತಿದ್ದರು.

ಹದಿನೈದು ವರ್ಷ ಮುಗಿಸಿ ಬಂದು ತುಂಗಭದ್ರಾ ಗ್ರಾಮೀಣ ಬ್ಯಾಂಕ್ ಸೇರಿದರು. 2005ರಲ್ಲಿ ಬ್ಯಾಂಕಿನ ಬೋರ್ಡು ಪ್ರಗತಿ ಗ್ರಾಮೀಣ ಬ್ಯಾಂಕ್ ಅಂತ ಬದಲಾಯಿತು, ಕಾಕಾ ಕೂತ ಕೌಂಟರ್ ಬದಲಾಗಲಿಲ್ಲ.

ತೀರಿಕೊಂಡವರಿಗಾಗಿ ಮಾಡುವ ಶಿವಗಣಾರಾಧನೆಯ ದಿನ ಹಳ್ಳಿಯ ಮುದುಕಿಯೊಬ್ಬರು ಊಟ ಮುಗಿಸಿ ನನ್ನ ಹತ್ತಿರ ಪೆನ್ನು ಇಸಕೊಂಡರು. ಆಹ್ವಾನದ ಕಾರ್ಡಿನ ಹಿಂದೆ ತಮ್ಮ ಹೆಸರು ಬರೆದು ತೋರಿಸಿದರು. ದೊಡ್ಡ ಅಕ್ಷರ, ಸಾಲು ಸ್ವಲ್ಪ ಮೇಲಕ್ಕೆ ಹೋಗಿತ್ತು. ‘ಬ್ಯಾಂಕಿಗೆ ಹೆಬ್ಬಟ್ಟ ಒತ್ತಾಕ ಬಂದಿದ್ನೆಪ್ಪಾ, ನಿಮ್ಮ ಕಾಕಾ ಸಹಿ ಕಲಿಸಿ ಕಳಿಸಿದ್ರು.’ ಇದನ್ನು ನಾನೊಬ್ಬನೇ ಕೇಳಿದೆ. ಪೂಜೆ, ಊಟ ಎರಡೂ ಸಾಂಗವಾದವು. ಕಾಕಾನ ಬಗ್ಗೆ ಯಾರೂ ಎದ್ದು ನಿಂತು ಮಾತಾಡಲಿಲ್ಲ.

ಡೊಂಬಿವಲಿಯಲ್ಲಿ ನಮ್ಮ ಬಿಲ್ಡಿಂಗಿನ ನಿವೃತ್ತ ರೈಲ್ವೆ ನೌಕರರೊಬ್ಬರ ಸಭೆಗೆ ಹೋಗಿದ್ದೆ. ಒಂದೇ ತಾಸು. ಹಳೆಯ ಸಹೋದ್ಯೋಗಿ, ಮಗಳು, ತರಕಾರಿಯವನು, ಎಲ್ಲರೂ ಮಾತಾಡಿದರು. ಹತ್ತು ವರ್ಷ ಲಿಫ್ಟಿನಲ್ಲಿ ನಮಸ್ಕಾರವಷ್ಟೇ ಇದ್ದ ಮನುಷ್ಯ ಅಂದು ನನಗೆ ಪರಿಚಯವಾದ. ಆ ಒಂದು ತಾಸನ್ನು ನಾವು ಅವರಿಂದ ಕಲಿಯಬೇಕು. ನಮ್ಮ ಬುತ್ತಿ ನಮಗಿರಲಿ. ಪಂಕ್ತಿ ಕೂರುವ ಮೊದಲು ಅರ್ಧ ತಾಸು ಹೋದವರ ಬದುಕಿನ ಮಾತಾಗಲಿ.

ಕಾಕಾನ ಮಗನಿಗೆ ಇದನ್ನೇ ಹೇಳಿದೆ, ಒಪ್ಪಿದ. ವರ್ಷದ ಕಾರ್ಯಕ್ಕೆ ನಾನು ಎರಡು ಪುಟ ಬರೆದು ಒಯ್ಯುತ್ತೇನೆ. ಆ ಅಜ್ಜಿಯ ಊರು ಕೇಳಿಟ್ಟುಕೊಂಡಿದ್ದೇನೆ, ಅವರನ್ನು ಕರೆತರುವ ಜವಾಬ್ದಾರಿಯೂ ನನ್ನದೇ.