ಸರೋವರ ಕೆಳಗೆ, ಮೋಡ ನಡುವೆ, ನಾವು ಮೇಲೆ

ಸ್ವಿಟ್ಜರ್ಲೆಂಡಿನ ಬೆಟ್ಟದ ತುದಿಯಿಂದ ತೆಗೆದ ನೀಲಿ ಸರೋವರದ ಫೋಟೊ ಯಾರದಾದರೂ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಕಂಡರೆ, ಅವರು ಬೆಳಗ್ಗೆ ಹತ್ತೂವರೆಗೆಲ್ಲ ಮೇಲಿದ್ದರು ಎಂದು ತಿಳಿಯಿರಿ. ಹೋಟೆಲಿನ ಪುಕ್ಕಟೆ ತಿಂಡಿಯನ್ನು ಸಾವಧಾನವಾಗಿ ಮುಗಿಸಿ, ಯಾರೂ ನೋಡದಾಗ ಎರಡು ಬನ್ನು ಕೈಚೀಲಕ್ಕೆ ಸೇರಿಸಿ, ಮಧ್ಯಾಹ್ನ ಒಂದಕ್ಕೆ ತುದಿ ಮುಟ್ಟಿದವರ ಸ್ಟೇಟಸ್‌ನಲ್ಲಿ ಹಸು ಇರುತ್ತದೆ. ಹಸು ಮೋಡದಲ್ಲೂ ಚೆನ್ನಾಗಿಯೇ ಬರುತ್ತದೆ.

ಇದರಲ್ಲಿ ಅದೃಷ್ಟದ ಮಾತೇನೂ ಇಲ್ಲ. ಬೇಸಿಗೆಯ ಬಿಸಿಲು ಇಳಿಜಾರುಗಳನ್ನು ಕಾಯಿಸುತ್ತದೆ, ಕಾದ ಗಾಳಿ ಕಣಿವೆಯ ತೇವವನ್ನು ಹೊತ್ತುಕೊಂಡು ಮೇಲೇರುತ್ತದೆ, ಏರಿದಲ್ಲಿ ತಣಿದು ಮೋಡವಾಗುತ್ತದೆ. ಹನ್ನೆರಡರ ಹೊತ್ತಿಗೆ ಆ ಮೋಡ ಸರಿಯಾಗಿ ನಿಮ್ಮ ಮತ್ತು ಸರೋವರದ ನಡುವೆ ಬಂದು ನಿಲ್ಲುತ್ತದೆ. ಮೂರರ ಮೇಲೆ ಗುಡುಗೂ ಸೇರಬಹುದು.

ಸರೋವರ ನೋಡಲೆಂದೇ ಹತ್ತುವವರಿಗೆ ಹೇಳಿ ಮಾಡಿಸಿದ ಜಾಗ ಲುಸರ್ನ್ ಸರೋವರದ ಪೂರ್ವ ದಂಡೆಯ ಮೇಲಿರುವ ಸ್ಟೋಸ್. ಕಾರು ಹೋಗದ ಈ ಊರಿಗೆ ಕೆಳಗಿನ ಶ್ಲಾಟ್ಲಿಯಿಂದ ಹಗ್ಗದಲ್ಲಿ ಎಳೆಯುವ ರೈಲಿದೆ. 2017ರ ಡಿಸೆಂಬರ್‌ನಲ್ಲಿ ಶುರುವಾದದ್ದು. ಅದರ ಗರಿಷ್ಠ ಏರು ಶೇಕಡಾ 110, ಅಂದರೆ ನೂರು ಅಡಿ ಮುಂದೆ ಹೋಗುವಷ್ಟರಲ್ಲಿ ನೂರಹತ್ತು ಅಡಿ ಮೇಲೆ. ಡಬ್ಬಗಳು ಪೀಪಾಯಿಯ ಆಕಾರದವು, ಏರಿಗೆ ತಕ್ಕಂತೆ ತಾವೇ ಉರುಳಿ ನೆಲವನ್ನು ಮಟ್ಟಸವಾಗಿ ಇಡುತ್ತವೆ. ಬೀಳುತ್ತೇವೆಂದು ಕಂಬಿಯನ್ನು ಬಿಗಿಯಾಗಿ ಹಿಡಿದವರು ನಾಲ್ಕೈದು ನಿಮಿಷದ ಮೇಲೆ, ಏನೂ ಆಗದಿದ್ದುದಕ್ಕೆ ಸ್ವಲ್ಪ ಬೇಸರಪಟ್ಟುಕೊಂಡೇ ಇಳಿಯುತ್ತಾರೆ.

ಸ್ಟೋಸ್‌ನಿಂದ ಚೇರ್‌ಲಿಫ್ಟ್ ಹಿಡಿದರೆ ಕ್ಲಿಂಗೆನ್‌ಸ್ಟಾಕ್, 1935 ಮೀಟರ್. ಅಲ್ಲಿಂದ ಬೆಟ್ಟದ ಏಣಿನ, ಅಂದರೆ ಎರಡೂ ಕಡೆ ಇಳಿಜಾರಿರುವ ನೆತ್ತಿಯ, ಮೇಲೇ ನಡೆದು ಫ್ರೋನಾಲ್ಪ್‌ಸ್ಟಾಕ್, 1922 ಮೀಟರ್. ಕೆಳಗೆ ಸರೋವರದ ನೀರಿನ ಮಟ್ಟ 434 ಮೀಟರ್, ಅಂದರೆ ಕಾಲ್ತುದಿಯಿಂದ ನೀರಿಗೆ ಹೆಚ್ಚುಕಡಿಮೆ ಒಂದೂವರೆ ಕಿಲೋಮೀಟರ್ ಆಳ. ಇನ್ನು ನಮ್ಮ ಮುಳ್ಳಯ್ಯನಗಿರಿ 1930 ಮೀಟರ್. ಕ್ಲಿಂಗೆನ್‌ಸ್ಟಾಕ್‌ಗಿಂತ ಐದೇ ಮೀಟರ್ ಕಡಿಮೆ! ಅನಾಹುತ ಹುಟ್ಟುವುದು ಈ ಲೆಕ್ಕದಲ್ಲೇ. "ಚಿಕ್ಕಮಗಳೂರಲ್ಲಿ ಮೆಟ್ಟಿಲು ಹತ್ತಿದ್ದೇವಲ್ಲ" ಎಂದು ಕ್ಯಾನ್ವಾಸ್ ಶೂ ಹಾಕಿಕೊಂಡು ಮೇ ತಿಂಗಳಲ್ಲಿ ಹೊರಡುವವರಿದ್ದಾರೆ. ಮುಳ್ಳಯ್ಯನಗಿರಿ ಇರುವುದು ಭೂಮಧ್ಯರೇಖೆಯಿಂದ 13 ಡಿಗ್ರಿಯಲ್ಲಿ, ಇದು ಇರುವುದು 47ರಲ್ಲಿ. ಮೇ ಕೊನೆಯಲ್ಲೂ ನೆರಳಿನ ಮಗ್ಗುಲಲ್ಲಿ ಗಟ್ಟಿ ಹಿಮ ದಾರಿಗೆ ಅಡ್ಡ ಬಿದ್ದಿರಬಹುದು. ಅದರ ಮೇಲೆ ಜಾರಿದರೆ ನಿಲ್ಲಿಸಲು ಕೆಳಗೆ ಏನೂ ಇಲ್ಲ. ದಾರಿ ತೆರೆದಿದೆಯೇ ಎಂದು ಹಿಂದಿನ ದಿನವೇ ಜಾಲತಾಣದಲ್ಲಿ ನೋಡಬೇಕು. ಕೆಳಗೆ ಟಿಕೆಟ್ ಕೊಡುವವರು ನಿಮ್ಮ ಶೂ ನೋಡುವುದಿಲ್ಲ.

ಬೆಳಕಿನ ವಿಚಾರವನ್ನು ಫೋಟೊ ಹುಚ್ಚಿನವರೂ ಮರೆಯುತ್ತಾರೆ. ಫ್ರೋನಾಲ್ಪ್‌ಸ್ಟಾಕ್‌ನಿಂದ ಸರೋವರ ಇರುವುದು ಪಶ್ಚಿಮಕ್ಕೆ ಮತ್ತು ನೈಋತ್ಯಕ್ಕೆ. ತೀರಾ ಬೆಳಗ್ಗೆ ಬೆಟ್ಟದ ನೆರಳೇ ನೀರಿನ ಮೇಲೆ ಬಿದ್ದು ಸರೋವರ ಕಪ್ಪಗೆ ಕಾಣುತ್ತದೆ. ಮಧ್ಯಾಹ್ನದ ಮೇಲೆ ಸೂರ್ಯ ಎದುರಿಗೆ ಬಂದು ನೀರೆಲ್ಲ ಬಿಳಿ ಹೊಳಪಾಗಿ, ಮುಂದೆ ನಿಂತ ಅತ್ತೆ ಮಾವ ಬರೀ ನೆರಳಾಗುತ್ತಾರೆ. ನೀರು ನೀಲಿಯಾಗಿಯೂ ಅತ್ತೆಯವರ ಮುಖ ಮುಖವಾಗಿಯೂ ಬರುವುದು ಹತ್ತರಿಂದ ಹನ್ನೆರಡರ ನಡುವೆ. ಅಂದರೆ ಒಂಬತ್ತಕ್ಕೆ ಮೊದಲೇ ಕ್ಲಿಂಗೆನ್‌ಸ್ಟಾಕ್‌ನಿಂದ ನಡೆಯಲು ಶುರು ಮಾಡಿರಬೇಕು.

ಇಷ್ಟೆಲ್ಲ ಕಲಿತುಕೊಂಡು ಅಕ್ಟೋಬರ್‌ನಲ್ಲಿ ಹೋದರೆ ಆಟದ ನಿಯಮವೇ ತಲೆಕೆಳಗಾಗುತ್ತದೆ. ಶರತ್ಕಾಲದಲ್ಲಿ ತಣ್ಣನೆಯ ಭಾರವಾದ ಗಾಳಿ ಕಣಿವೆಯ ತಳದಲ್ಲಿ ಕೂತು, ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳ ಹಾಕುತ್ತದೆ. ಒಳಗೆ ಸಿಕ್ಕಿದ ತೇವ ಮಂಜಾಗುತ್ತದೆ. ಮೇಲೆ ನೀಲಿ ಆಕಾಶ, ಒಳ್ಳೆಯ ಬಿಸಿಲು. ಕೆಳಗೆ ಸರೋವರ ಇರಬೇಕಾದ ಕಡೆ ದಿಗಂತದವರೆಗೆ ಬಿಳಿ ಮಂಜಿನ ಸಮುದ್ರ. ಸ್ವಿಸ್ ಜನ ಇದನ್ನು ನೋಡಲೆಂದೇ ದುಡ್ಡು ಕೊಟ್ಟು ಬರುತ್ತಾರೆ. ಸರೋವರಕ್ಕೆಂದು ಬಂದವರು ಅವರ ಪಕ್ಕ ನಿಂತು "ಕೆರೆ ಎಲ್ರೀ?" ಎನ್ನುತ್ತಾರೆ. ಈ ಕಾಲದಲ್ಲಿ ಬೇಗ ಹೋಗಿ ಲಾಭವಿಲ್ಲ. ಮಂಜು ಕರಗುವುದಾದರೆ ಮಧ್ಯಾಹ್ನವೇ. ಮಂಜಿನ ಮೇಲಂಚು ಎಷ್ಟು ಮೀಟರ್‌ವರೆಗೆ ಎಂದು ಸ್ವಿಸ್ ಹವಾಮಾನ ವರದಿಯೇ ಹೇಳುತ್ತದೆ. ತುದಿಯಲ್ಲಿರುವ ವೆಬ್‌ಕ್ಯಾಮ್‌ ಅನ್ನು ಹಾಸಿಗೆಯಲ್ಲೇ ನೋಡಿ, ಬಿಳಿ ಕಂಡರೆ ಮಗ್ಗುಲು ಬದಲಿಸಿ ಮಲಗಬಹುದು. ಟಿಕೆಟ್ ಮುಂಚೆಯೇ ತೆಗೆದವರಿಗೆ ಆ ಸುಖವಿಲ್ಲ.

ಇನ್ನು ಹಳದಿ ಬೋರ್ಡು. ಕವಲು ಬಂದಲ್ಲೆಲ್ಲ ಊರಿನ ಹೆಸರು, ಪಕ್ಕದಲ್ಲಿ ಎಷ್ಟು ಗಂಟೆ ಎಂದು ಬರೆದಿರುತ್ತದೆ. ಕಿಲೋಮೀಟರ್ ಇರುವುದಿಲ್ಲ. ಆ ಸಮಯ ಸಮತಟ್ಟಿನಲ್ಲಿ ಗಂಟೆಗೆ 4.2 ಕಿಲೋಮೀಟರ್ ನಡೆಯುವವರ ಲೆಕ್ಕ. ಅದರಲ್ಲಿ ವಿರಾಮ ಸೇರಿಲ್ಲ. ಫೋಟೊ, ಮಗುವಿನ ಶೂ ಲೇಸು, "ಇಲ್ಲೇ ಕೂತು ಎರಡು ಚಪಾತಿ ತಿನ್ನೋಣ", ಊರಿಗೆ ವಿಡಿಯೊ ಕಾಲ್ ಮಾಡಿ ಅಮ್ಮನಿಗೆ ಸರೋವರ ತೋರಿಸುವುದು, ಅಮ್ಮ ಅದನ್ನು ಬಿಟ್ಟು "ಸ್ವೆಟರ್ ಎಲ್ಲೋ?" ಎಂದು ವಿಚಾರಿಸುವುದು, ಇದಾವುದೂ ಬೋರ್ಡು ಬರೆದವರ ಗಮನದಲ್ಲಿರಲಿಲ್ಲ. ಸ್ಟೋಸ್ ಏಣಿನ ದಾರಿಗೆ ಬೋರ್ಡಿನ ಪ್ರಕಾರ ಎರಡು ಗಂಟೆ ಆಸುಪಾಸು. ಸಂಸಾರ ಸಮೇತ ಹೋದರೆ ಮೂರೂವರೆ ಇಟ್ಟುಕೊಳ್ಳಿ.

ಬೋರ್ಡಿಲ್ಲದ ಕಡೆ ಲೆಕ್ಕ ಹಾಕುವ ಕ್ರಮವೂ ಇದೆ. ಗಂಟೆಗೆ 4 ಕಿಲೋಮೀಟರ್ ದೂರ, 300 ಮೀಟರ್ ಏರು, 500 ಮೀಟರ್ ಇಳಿತ ಎಂದು ಹಿಡಿಯಬೇಕು. ದೂರಕ್ಕೆ ಬೇಕಾಗುವ ಸಮಯ ಒಂದು, ಏರಿಳಿತಕ್ಕೆ ಬೇಕಾಗುವುದು ಇನ್ನೊಂದು. ದೊಡ್ಡದಕ್ಕೆ ಚಿಕ್ಕದರ ಅರ್ಧ ಸೇರಿಸಬೇಕು. ಉದಾಹರಣೆಗೆ, ಗ್ರಿಂಡೆಲ್‌ವಾಲ್ಡ್ ಊರಿನ ಮೇಲಿರುವ ಫಸ್ಟ್ ಎಂಬ ಹೆಸರಿನ ಕೇಬಲ್ ಕಾರ್ ನಿಲ್ದಾಣದಿಂದ ಬಾಖಾಲ್ಪ್‌ಸೇ ಕೊಳದ ದಡ ಹಾದು 2681 ಮೀಟರ್ ಎತ್ತರದ ಫೌಲ್‌ಹಾರ್ನ್‌ಗೆ ದೂರ ಐದೂವರೆ ಕಿಲೋಮೀಟರ್ ಆಜುಬಾಜು, ಏರು ಸುಮಾರು 515 ಮೀಟರ್. ದೂರಕ್ಕೆ ಒಂದು ಗಂಟೆ ಇಪ್ಪತ್ತು ನಿಮಿಷ ಚಿಲ್ಲರೆ, ಏರಿಗೆ ಒಂದೂಮುಕ್ಕಾಲು. ದೊಡ್ಡದಕ್ಕೆ ಚಿಕ್ಕದರ ಅರ್ಧ ಕೂಡಿಸಿದರೆ ಎರಡೂವರೆ ಗಂಟೆ ಹತ್ತಿರ. ತುದಿಯಿಂದ ಬ್ರಿಯೆಂಜ್ ಮತ್ತು ಥುನ್ ಸರೋವರಗಳೆರಡೂ ಕಾಣುತ್ತವೆ. ಬ್ರಿಯೆಂಜ್ ಹಸಿರು ನೀಲಿ, ಥುನ್ ಗಾಢ ನೀಲಿ. ಹಿಮನದಿಗಳು ಬಂಡೆ ಅರೆದು ಮಾಡಿದ ನುಣ್ಣನೆಯ ಹಿಟ್ಟನ್ನು ಆರೆ ನದಿ ಮೊದಲು ಬ್ರಿಯೆಂಜ್‌ಗೆ ತಂದು ಸುರಿಯುತ್ತದೆ. ಥುನ್‌ಗೆ ತಲುಪುವಷ್ಟರಲ್ಲಿ ಬಹುಪಾಲು ತಳ ಸೇರಿರುತ್ತದೆ. ಬಣ್ಣದ ಬಗ್ಗೆ ಫಿಲ್ಟರ್ ಹಾಕಿದ್ದೀರಿ ಎಂದು ಜಗಳ ತೆಗೆಯುವ ಭಾವಮೈದನಿಗೆ ಇದನ್ನು ಹೇಳಬಹುದು.

ದಾರಿಯ ಬಣ್ಣಕ್ಕೂ ಬೆಲೆ ಇದೆ. ಬರೀ ಹಳದಿಯಾದರೆ ಸಾಧಾರಣ ನಡಿಗೆ. ಬಿಳಿ-ಕೆಂಪು-ಬಿಳಿ ಗೆರೆಯಾದರೆ ಬೆಟ್ಟದ ದಾರಿ. ಗಟ್ಟಿ ಶೂ ಬೇಕು, ಕೆಲವೆಡೆ ಕಣಿವೆ ಪಕ್ಕದಲ್ಲೇ ಇರುತ್ತದೆ. ಸ್ಟೋಸ್ ಏಣು ಇದೇ ಜಾತಿ. ಬಿಳಿ-ನೀಲಿ-ಬಿಳಿ ಕಂಡರೆ ಫೋಟೊ ತೆಗೆದುಕೊಂಡು ಹಿಂದಿರುಗಿ.

ಶೂ ಎಂದಾಗ ಎಲ್ಲರೂ ಹೊಸ ಶೂ ಕಚ್ಚುತ್ತದೆ ಎಂದು ಎಚ್ಚರಿಸುತ್ತಾರೆ. ಅದಕ್ಕಿಂತ ದೊಡ್ಡ ಪ್ರಹಸನ ಹಳೆಯ ಶೂ. ಏಳೆಂಟು ವರ್ಷದ ಹಿಂದೆ ದುಬಾರಿ ಬೆಲೆಗೆ ಕೊಂಡು, ಕುಮಾರ ಪರ್ವತಕ್ಕೆ ಒಮ್ಮೆ ಹಾಕಿ, "ಹೊಸದರ ಹಾಗೇ ಇದೆ" ಎಂದು ಅಟ್ಟದಲ್ಲಿಟ್ಟ ಶೂ. ಬೆಟ್ಟದ ಶೂಗಳ ನಡುವಿನ ಮೆತ್ತೆ ಬಹುತೇಕ ಪಾಲಿಯುರೆಥೇನ್. ಗಾಳಿಯ ತೇವ ಅದನ್ನು ಒಳಗಿಂದಲೇ ಒಡೆಯುತ್ತದೆ. ನಡೆದರೆ ಸವೆಯುವುದು ತಳ. ಸುಮ್ಮನೆ ಇಟ್ಟರೆ ಪುಡಿಯಾಗುವುದು ಈ ಮೆತ್ತೆ. ಮಂಗಳೂರಿನ ನಾಲ್ಕು ಮಳೆಗಾಲ ಕಂಡ ಶೂ ಹೊರಗಿನಿಂದ ಮದುಮಗ, ಒಳಗೆ ರವೆ. ಏಣಿನ ನಟ್ಟನಡುವೆ ಮೊದಲು ಎಡ ಅಟ್ಟೆ ಬಾಯಿ ಬಿಡುತ್ತದೆ, ಕಾಲು ಗಂಟೆಯಲ್ಲಿ ಬಲವೂ ಸೇರಿಕೊಳ್ಳುತ್ತದೆ. ಎರಡೂ ಒಂದೇ ದಿನ ಹುಟ್ಟಿದವು. ಹೊರಡುವ ವಾರ ಮೊದಲು ಅಟ್ಟೆಯ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಸಣ್ಣ ಬಿರುಕು ಕಂಡರೆ ಅಥವಾ ಉಗುರಿಗೆ ಪುಡಿ ಬಂದರೆ ಅದನ್ನು ಮನೆಯಲ್ಲೇ ಬಿಡಿ. ಚೀಲದಲ್ಲಿ ನಾಲ್ಕು ಉದ್ದನೆಯ ಕೇಬಲ್ ಟೈ, ಎರಡು ಮೀಟರ್ ಬಟ್ಟೆ ಟೇಪು ಇರಲಿ. ಪೆನ್ನಿಗೆ ಸುತ್ತಿಟ್ಟರೆ ಟೇಪು ಜಾಗ ತಿನ್ನುವುದಿಲ್ಲ. ಕಿತ್ತ ಅಟ್ಟೆಯನ್ನು ಮುಂದೊಂದು, ನಡುವೆ ಒಂದು ಕಟ್ಟಿದರೆ ಚೇರ್‌ಲಿಫ್ಟ್‌ವರೆಗೆ ಬರುತ್ತದೆ.

ಬುತ್ತಿಯ ವಿಚಾರಕ್ಕೆ ಬಂದರೆ, ಸುಮಾರು 2000 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಐದನೇ ನಾಲ್ಕು ಭಾಗಕ್ಕಿಂತ ಚೂರು ಕಡಿಮೆ. ಕೆಳಗೆ ಕೊಂಡ ಚಿಪ್ಸ್ ಪ್ಯಾಕೆಟ್ ಮೇಲೆ ಪೂರಿಯಂತೆ ಉಬ್ಬಿರುತ್ತದೆ, ಅದು ತಮಾಷೆ. ಮುಚ್ಚಳ ಬಿಗಿದ ಡಬ್ಬದಲ್ಲಿ ಒಯ್ದ ಮೊಸರನ್ನ ತಮಾಷೆಯಲ್ಲ. ಮುಚ್ಚಳವನ್ನು ಒಮ್ಮೆಲೇ ಎಳೆದರೆ ಪುಸ್ಸೆಂದು ಒಗ್ಗರಣೆಯ ಸಾಸಿವೆ ಸಮೇತ ಜಾಕೆಟ್ಟಿಗೆ ಬರುತ್ತದೆ. ಡಬ್ಬವನ್ನು ನೇರ ಹಿಡಿದು ಒಂದು ಮೂಲೆ ಮಾತ್ರ ಮೆಲ್ಲಗೆ ಎತ್ತಬೇಕು. ಸನ್‌ಸ್ಕ್ರೀನ್ ಟ್ಯೂಬೂ ಹೀಗೇ: ಮುಚ್ಚಳ ತೆರೆದ ಕೂಡಲೇ ತಾನೇ ಸುರಿಯುತ್ತದೆ, ಬಾಯಿ ಮೇಲ್ಮುಖವಾಗಿರಲಿ. ಹಚ್ಚುವುದನ್ನು ಮಾತ್ರ ಬಿಡಬೇಡಿ. ಸಾವಿರ ಮೀಟರ್ ಏರಿದಂತೆ ನೇರಳಾತೀತ ಕಿರಣ ಶೇಕಡಾ 10ರಷ್ಟು ಹೆಚ್ಚುತ್ತದೆ. ಬಿಸಿಲು ತಣ್ಣಗಿದೆ ಎನ್ನಿಸುವುದು ಎತ್ತರದ ಮೋಸ, ಸಾವಿರ ಮೀಟರಿಗೆ ಆರೂವರೆ ಡಿಗ್ರಿ ತಂಪು ಕೂಡಿಕೊಂಡಿರುತ್ತದೆ. "ನಮ್ಮ ಚರ್ಮ ಏನೂ ಆಗಲ್ಲ" ಎಂದವರ ಮೂಗಿನ ಸಿಪ್ಪೆ ಮೂರನೇ ದಿನ ಏಳುತ್ತದೆ. ಕತ್ತಿನ ಹಿಂಭಾಗ ಮತ್ತು ಕಿವಿಯ ತುದಿ ಎಲ್ಲರೂ ಮರೆಯುವ ಜಾಗಗಳು.

ಹಸುಗಳ ಹತ್ತಿರ ನಮ್ಮವರಿಗೆ ವಿಶೇಷ ತೊಂದರೆ. ದಾರಿಯಲ್ಲಿ ಹಸು ಕಂಡರೆ ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ನಮ್ಮ ಅಭ್ಯಾಸ. ಆಲ್ಪ್ಸ್‌ನ ಹುಲ್ಲುಗಾವಲಲ್ಲಿ ಕರುವಿನ ಜೊತೆ ಬಿಟ್ಟ ತಾಯಿಹಸುಗಳಿರುತ್ತವೆ; ಅವುಗಳಿಗೆ ನಿಮ್ಮ ಭಕ್ತಿ ಅರ್ಥವಾಗುವುದಿಲ್ಲ, ಕರು ಕದಿಯಲು ಬಂದಿದ್ದೀರಿ ಎಂದೇ ತಿಳಿಯುತ್ತವೆ. ಇಪ್ಪತ್ತರಿಂದ ಐವತ್ತು ಮೀಟರ್ ದೂರದಿಂದಲೇ ಮನಸ್ಸಿನಲ್ಲಿ ನಮಸ್ಕರಿಸಿ. ತಾಯಿ ಮತ್ತು ಕರುವಿನ ನಡುವೆ ಹಾಯಬೇಡಿ. ತಲೆ ತಗ್ಗಿಸಿ ನೆಲ ಕೆರೆದರೆ ಬೆನ್ನು ತಿರುಗಿಸದೆ ಹಿಂದೆ ಸರಿಯಿರಿ. ಅಡ್ಡ ಬರುವ ತಂತಿ ಬೇಲಿಯಲ್ಲಿ ಕರೆಂಟಿದೆ, ಸೆಕೆಂಡಿಗೊಂದು ಪೆಟ್ಟು ಕೊಡುತ್ತಿರುತ್ತದೆ. ಎರಡು ಪೆಟ್ಟಿನ ನಡುವೆ ಮುಟ್ಟಿದವರು "ಕರೆಂಟಿಲ್ಲ ಬನ್ನಿ" ಎಂದು ಹಿಂದಿನವರನ್ನು ಕರೆಯುತ್ತಾರೆ. ದಾಟುವಲ್ಲಿ ಪ್ಲಾಸ್ಟಿಕ್ ಹಿಡಿ ಇರುತ್ತದೆ. ಹಿಡಿಯನ್ನೇ ಹಿಡಿದು ಕೊಕ್ಕೆ ಬಿಡಿಸಿ, ಎಲ್ಲರೂ ದಾಟಿದ ಮೇಲೆ ಮತ್ತೆ ಸಿಕ್ಕಿಸಿ. ಕಾಲೆತ್ತಿ ದಾಟಲು ಹೋದ ಕುಳ್ಳಗಿನವರ ಕಥೆ ಇಲ್ಲಿ ಬೇಡ.

ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಸೆಕೆಂಡು ಎಣಿಸಿ ಮೂರರಿಂದ ಭಾಗಿಸಿದರೆ ಅದು ಎಷ್ಟು ಕಿಲೋಮೀಟರ್ ದೂರ ಎಂದು ತಿಳಿಯುತ್ತದೆ. ಮೂವತ್ತು ಸೆಕೆಂಡಿಗಿಂತ ಕಡಿಮೆಯಾದರೆ ಏಣಿನಿಂದ ಕೆಳಗಿಳಿಯಬೇಕು, ಆಸರೆಗೆ ಕಟ್ಟಿದ ತಂತಿಹಗ್ಗ ಹಿಡಿಯಬಾರದು, ಸೆಲ್ಫಿ ಕೋಲನ್ನು ಆಕಾಶಕ್ಕೆ ಎತ್ತಲೇಬಾರದು.

ತಲೆಯ ಮೇಲೆ ಕೆಂಪು ಹೆಲಿಕಾಪ್ಟರ್ ಹೋದರೆ ಅದು ಬಹುಶಃ ರೇಗಾ, ಅಪಾಯದಲ್ಲಿದ್ದವರನ್ನು ಹೆಲಿಕಾಪ್ಟರಿನಲ್ಲಿ ಬಂದು ಕಾಪಾಡುವ ಸ್ವಿಸ್ ಸಂಸ್ಥೆ. ಎರಡೂ ಕೈ ಮೇಲೆತ್ತಿ ಖುಷಿಯಿಂದ ಬೀಸುವುದು ನಮ್ಮವರಿಗೆ ಸಹಜ. ಆದರೆ ಎರಡೂ ಕೈ ಮೇಲಕ್ಕೆ ಎಂದರೆ "ಸಹಾಯ ಬೇಕು, ಇಳಿಯಿರಿ" ಎಂದರ್ಥ. ಒಂದು ಕೈ ಮೇಲೆ, ಒಂದು ಕೈ ಕೆಳಗೆ ಓರೆಯಾಗಿ ಹಿಡಿದರೆ "ಬೇಡ". ಟಾಟಾ ಮಾಡಲೇಬೇಕಿದ್ದರೆ ಕೈ ಜೇಬಿನಲ್ಲಿಟ್ಟು ಮನಸ್ಸಿನಲ್ಲೇ ಮಾಡಿ. ನಿಜವಾಗಿ ಬೇಕಾದಾಗ ಫೋನ್ ಸಂಖ್ಯೆ 1414. ಸಿಗ್ನಲ್ ಇಲ್ಲದಿದ್ದರೆ ನಿಮಿಷಕ್ಕೆ ಆರು ಸಲ ಸೀಟಿ ಅಥವಾ ಟಾರ್ಚು, ಒಂದು ನಿಮಿಷ ಬಿಡುವು, ಮತ್ತೆ ಆರು.

ಕೊನೆಯ ಚೇರ್‌ಲಿಫ್ಟ್ ಸಂಜೆಗೆ ಮೊದಲೇ ನಿಲ್ಲುತ್ತದೆ, ಹೊತ್ತು ತಿಂಗಳಿಗೆ ತಕ್ಕಂತೆ ಬದಲಾಗುತ್ತದೆ. ಸ್ವಿಸ್ ಗಡಿಯಾರದಲ್ಲಿ "ಇನ್ನೇನು ಬಂದೇಬಿಟ್ಟೆವು" ಎಂಬ ಹೊತ್ತು ಇಲ್ಲ. ಫ್ರೋನಾಲ್ಪ್‌ಸ್ಟಾಕ್‌ನ ಹೋಟೆಲಿನಲ್ಲಿ ಇನ್ನೊಂದು ಕಾಫಿ ಎಂದು ಕೂತವರಿಗೆ ಸ್ಟೋಸ್‌ವರೆಗೆ 600 ಮೀಟರಿಗೂ ಹೆಚ್ಚು ಇಳಿತ ಕಾದಿದೆ. ಗಂಟೆಗೆ 500ರ ಲೆಕ್ಕದಲ್ಲಿ ಒಂದೂಕಾಲು ಗಂಟೆ, ಮಂಡಿ ನೋವಿದ್ದವರಿಗೆ ಎರಡು. ಕೋಲುಗಳನ್ನು ಐದರಿಂದ ಹತ್ತು ಸೆಂಟಿಮೀಟರ್ ಉದ್ದ ಮಾಡಿಕೊಳ್ಳಿ, ಹೆಜ್ಜೆ ಚಿಕ್ಕದಿರಲಿ, ಶೂ ಲೇಸನ್ನು ಕಣಕಾಲಿನ ಹತ್ತಿರ ಬಿಗಿದು ಹಿಮ್ಮಡಿ ಅಲ್ಲಾಡದಂತೆ ಮಾಡಿ. ಇಲ್ಲದಿದ್ದರೆ ಪ್ರತಿ ಹೆಜ್ಜೆಗೂ ಬೆರಳು ಶೂ ಮೂತಿಗೆ ಗುದ್ದಿ ಉಗುರಡಿಯಲ್ಲಿ ರಕ್ತ ಕಟ್ಟುತ್ತದೆ. ಹೊರಡುವ ಎರಡು ದಿನ ಮೊದಲೇ ಉಗುರು ನೇರಕ್ಕೆ ಕತ್ತರಿಸಿರಬೇಕು. ಹಿಂದಿನ ರಾತ್ರಿ ಕತ್ತರಿಸಿದರೆ ಅಂಚು ಚುಚ್ಚುತ್ತದೆ. ಕಪ್ಪಾಗಿ ಬಿದ್ದ ಹೆಬ್ಬೆರಳ ಉಗುರು ಪೂರ್ತಿ ಬೆಳೆಯಲು ವರ್ಷದಿಂದ ಒಂದೂವರೆ ವರ್ಷ ಹಿಡಿಯುತ್ತದೆ, ಅಷ್ಟು ದಿನ ಮದುವೆ ಮನೆಗಳಲ್ಲಿ ಮುಂದೆ ತೆರೆದ ಚಪ್ಪಲಿ ಹಾಕುವ ಹಾಗಿಲ್ಲ.